ಜೋಳದ ತೂಕದ ಉಪ್ಪು

ಅಂಗಡಿಯಲ್ಲಿ ತಕ್ಕಡಿ ಕಂಡರೆ ನಾನು ಈಗಲೂ ಮುಖ ತಿರುಗಿಸುತ್ತೇನೆ. ತಕ್ಕಡಿಯ ತಪ್ಪೇನೂ ಇಲ್ಲ, ಗೊತ್ತು. ಪಾಪ, ಇಟ್ಟದ್ದನ್ನು ತೂಗುವುದಷ್ಟೇ ಅದರ ಕೆಲಸ. ನನಗೆ ಹೇಸಿಗೆ ಬರುವುದು ಅದನ್ನು ಹಿಡಿದಿದ್ದ ಒಂದು ಕೈ ನೆನಪಾಗಿ. ಆ ಕೈಗೆ ಕೆಸರು ಹತ್ತದಂತೆ ಜೋಪಾನ ಮಾಡಿದ ನಮ್ಮ ಮನೆ ನೆನಪಾದರೆ ಇನ್ನೂ ಹೆಚ್ಚು.

ಆಗ ನಾವು ಚಿತ್ತಾಪುರದಲ್ಲಿದ್ದೆವು. ಮಾವನವರು ತೀರಿಕೊಂಡಿದ್ದರು. ಅತ್ತೆ ಮಡಿ ಹೆಂಗಸು. ಒಲೆ, ದೇವರು, ಉಪ್ಪಿನಕಾಯಿ ಭರಣಿ ಈ ಮೂರೂ ಅವರ ಕೈಯಲ್ಲಿದ್ದವು. ನನ್ನ ಗಂಡ ಹಿರಿಯ ಮಗ, ಹನುಮಪ್ಪನ ಗುಡಿಯ ಪೂಜೆ ನೋಡಿಕೊಂಡಿದ್ದರು. ದೇವರ ಮುಂದೆ ಗಂಟೆಗಟ್ಟಲೆ ಮಂತ್ರ ಹೇಳುವ ಅವರ ಬಾಯಿ ತಾಯಿಯ ಮುಂದೆ ತೆರೆಯುತ್ತಿರಲಿಲ್ಲ. ಮೈದುನ ಊರಿನ ಒಂದು ಕಚೇರಿಯಲ್ಲಿ ಗುಮಾಸ್ತ, ಮನೆಗೆ ಪಗಾರ ತರುವವನು. ಅವನ ಹೆಂಡತಿ, ಅಂದರೆ ನನ್ನ ನೆಗೆಣ್ಣಿ, ಮದುವೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಚಿಂಚೋಳಿ ತಾಲೂಕಿನ ಕುಂಚಾವರಂ ಕಡೆಯ ಹುಡುಗಿ. ಅಲ್ಲಿ ಮಾತು ಅರ್ಧ ಕನ್ನಡ, ಅರ್ಧ ತೆಲುಗು. ಅವಳು ಬಾಯಿ ತೆರೆದರೆ ಮೈದುನ ನಗುತ್ತಿದ್ದ, ಅವನು ನಕ್ಕರೆ ಅತ್ತೆಯೂ ನಗುತ್ತಿದ್ದರು. ಹುಡುಗಿ ಮಾತು ಕಡಿಮೆ ಮಾಡಿದಳು.

ಸರ್ಕಾರ ಸೇರನ್ನು ತೆಗೆದು ಕಿಲೊ ತಂದ ಕಾಲ ಅದು. ಊರಿನ ಅಂಗಡಿಯವರಿಗೆ ಹೊಸ ತೂಕ ತಿಳಿಸಿ ಹೇಳುವ ಕೆಲಸ ಮೈದುನನ ಪಾಲಿಗೆ ಬಂತು. ಇಸ್ತ್ರಿ ಅಂಗಿ ತೊಟ್ಟು, ಬಗಲಲ್ಲಿ ತಕ್ಕಡಿ ಇಟ್ಟುಕೊಂಡು ಬಜಾರೆಲ್ಲ ಸುತ್ತಿದ. ಅಂಗಡಿಯವರು ಬೇಗ ಕಲಿತರು, ವ್ಯಾಪಾರದವರಿಗೆ ಅದೇನು ಮಹಾ. ಆದರೆ ಕಲಿಸುವ ಚಟ ಇವನಿಗೆ ಅಂಟಿಕೊಂಡುಬಿಟ್ಟಿತು. ಹೊರಗೆ ಕಲಿಯುವವರು ಮುಗಿದ ಮೇಲೆ ಅಡುಗೆಮನೆಗೆ ನುಗ್ಗಿದ.

ನಮ್ಮ ಅಡುಗೆಮನೆಯಲ್ಲಿ ಒಂದು ಹಿತ್ತಾಳೆಯ ಸೇರು ಇತ್ತು. ಅತ್ತೆಯ ಅತ್ತೆಯ ಕಾಲದ್ದು, ಅಂಚು ಒಂದು ಕಡೆ ನೆಗ್ಗಿತ್ತು. ಜೋಳ, ಅಕ್ಕಿ, ಬೇಳೆ, ಉಪ್ಪು, ಎಣ್ಣೆ ಎಲ್ಲಕ್ಕೂ ಅದೇ ಅಳತೆ. ತುಂಬಿದರೆ ಒಂದು ಸೇರು. ಅದರೊಳಗಿನದು ಭಾರ ಎಷ್ಟು ಎಂದು ಯಾರೂ ಕೇಳಿರಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ. ಅಡುಗೆಯೆಲ್ಲ ಇಷ್ಟು ಸೇರಿಗೆ ಇಷ್ಟು ಸೇರು ಎಂಬ ಲೆಕ್ಕದಲ್ಲೇ ನಡೆಯುತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ ಮೈದುನ ಶಹಾಬಾದಿ ಫರಸಿಯ ನೆಲದ ಮೇಲೆ ತಕ್ಕಡಿ ಹರಡಿ, ಆರು ಮೂಲೆಯ ಕಬ್ಬಿಣದ ತೂಕದ ಕಲ್ಲುಗಳನ್ನು ಸಾಲಾಗಿ ಜೋಡಿಸಿದ. ಎಲ್ಲರೂ ಬಂದು ನೋಡಬೇಕೆಂದು ಕರೆದ. ಹಿತ್ತಾಳೆ ಸೇರಿಗೆ ಜೋಳ ತುಂಬಿ, ಅಂಗೈಯಿಂದ ಸವರಿ ಸಮ ಮಾಡಿ, ಆ ಜೋಳವನ್ನು ತೂಗಿದ. ಬಂದ ತೂಕವನ್ನು ಸೀಮೆಸುಣ್ಣದಿಂದ ಅಡುಗೆಮನೆಯ ಗೋಡೆಗೆ ದೊಡ್ಡದಾಗಿ ಬರೆದ.

"ಇವತ್ತಿನಿಂದ ನಮ್ಮ ಮನ್ಯಾಗ ಸೇರು ಅಂದ್ರ ಇಷ್ಟು ತೂಕ. ಎಲ್ಲಾ ಇದರ ಮ್ಯಾಲೇ ತೂಗಿ ಹಾಕ್ರಿ. ಆ ಸೇರು ಅಟ್ಟಕ್ಕ ಒಗೀರಿ," ಎಂದ.

"ಇದು ಜೋಳದ ತೂಕ ಅಲ್ಲೇನ್ರಿ," ಎಂದೆ ನಾನು. "ಉಪ್ಪು ತುಂಬಿದ್ರ ಬ್ಯಾರೆ ತೂಕ ಬರ್ತದ, ಖಾರದ ಪುಡಿ ತುಂಬಿದ್ರ ಬ್ಯಾರೆ."

ಅವನು ನನ್ನ ಕಡೆ ನೋಡಿ ನಕ್ಕ. ಬಜಾರಿನಲ್ಲಿ ಅಂಗಡಿಯವರಿಗೆ ನಗುತ್ತಿದ್ದ ನಗೆಯೇ ಇರಬೇಕು ಅದು.

"ವೈನಿ, ಉಪ್ಪಿಗೊಂದು ಸೇರು, ಜೋಳಕ್ಕೊಂದು ಸೇರು ಇರ್ತದೇನು? ಸೇರು ಅಂದ್ರ ಸೇರು. ನೀವು ಒಲಿ ನೋಡಿಕೋರಿ, ಲೆಕ್ಕ ನನಗ ಬಿಡ್ರಿ."

ಅತ್ತೆಯ ಮುಖ ಅರಳಿತ್ತು. "ನಾಕು ಅಕ್ಷರ ಓದಿದಾಂವ. ಅಂವ ಹೇಳಿದಂಗ ಮಾಡೋಣ," ಎಂದರು. ಸೇರು ಅಟ್ಟಕ್ಕೆ ಹೋಯಿತು.

ಅವನ ಲೆಕ್ಕ ಎಂಥದ್ದೆಂದು ಚುರುಮುರಿಯೇ ಮೊದಲು ತೋರಿಸಿಕೊಟ್ಟಿತು. ಸೇಡಂ ಕಡೆಯಿಂದ ನೆಂಟರು ಬರುವವರಿದ್ದರು, ಅತ್ತೆ ಎರಡು ಸೇರು ಚುರುಮುರಿ ತರಲು ಹೇಳಿದರು. ಮೈದುನ ಚುರುಮುರಿ ಹುರಿಯುವ ಭಟ್ಟಿಗೆ ಹೋಗಿ, ಗೋಡೆಯ ಮೇಲಿನ ತೂಕದ ಎರಡರಷ್ಟು ತೂಗಿಸಿದ. ಬಾಯಿಂದ ಊದಿದರೆ ಹಾರುವ ಪದಾರ್ಥ, ಜೋಳದ ತೂಕಕ್ಕೆ ತೂಗಿದರೆ ಏನಾಗಬೇಕು? ಹಮಾಲ ತಲೆಯ ಮೇಲೆ ಒಂದು ಚೀಲ ಹೊತ್ತು ತಂದು ಪಡಸಾಲೆಯಲ್ಲಿ ಇಳಿಸಿದ. ನೆಂಟರು ತಿಂದರು, ನಾವು ತಿಂದೆವು, ನೆರೆಯವರಿಗೆ ಕೊಟ್ಟೆವು, ಆಕಳಿಗೂ ಹಾಕಿದೆವು. ಉಳಿದದ್ದು ಮೆತ್ತಗಾಗಿ, ಬಾಯಿಗೆ ಹಾಕಿದರೆ ಒದ್ದೆ ಕಾಗದದಂತೆ ನಾಲಿಗೆಗೆ ಅಂಟುತ್ತಿತ್ತು. ಅದನ್ನೂ ಬಿಸಾಡಬಾರದೆಂದು ಒಗ್ಗರಣೆ ಹಾಕಿ ಹಾಕಿ ಸೊಸೆಯರಿಗೇ ಬಡಿಸಿದರು. ಮೈದುನ ಆ ಚೀಲ ನೋಡಿ ತಾನೂ ನಕ್ಕ, ಭಟ್ಟಿಯವನಿಗೆ ತೂಗಲು ಬರುವುದಿಲ್ಲ ಎಂದ. ಅಷ್ಟರಲ್ಲೇ ಎಚ್ಚರ ಆಗಬೇಕಿತ್ತು. ಆಗಲಿಲ್ಲ. ತಪ್ಪು ಕಣ್ಣ ಮುಂದೆ ಒಂದು ಚೀಲ ತುಂಬಿ ಬಂದು ಕುಳಿತರೂ ಕಾಣದವರಿಗೆ ಏನು ಹೇಳುವುದು.

ಬೇಸಿಗೆ ಬಂತು. ನೆಗೆಣ್ಣಿಯ ತವರಿನಿಂದ ಎರಡು ಗೋಣಿ ಮಾವಿನಕಾಯಿ ಬಂದವು. ಕೊಯ್ದರೆ ಟಕ್ಕೆನ್ನುವ, ಹುಳಿ ತುಂಬಿದ ಕಾಯಿ. ಅವಳ ಮುಖದಲ್ಲಿ ಆ ದಿನ ಕಂಡ ಹಿಗ್ಗನ್ನು ನಾನು ಮತ್ತೆ ಆ ಮನೆಯಲ್ಲಿ ಕಾಣಲಿಲ್ಲ.

ನಮ್ಮ ಮನೆಯ ಉಪ್ಪಿನಕಾಯಿ ಎಂದರೆ ಸಣ್ಣ ಕೆಲಸವಲ್ಲ. ವರ್ಷಕ್ಕೆ ಆಗುವಷ್ಟು ಹಾಕಿ, ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿದ್ದ ನಾದಿನಿಗೂ ಒಂದು ಭರಣಿ ಕಳಿಸಬೇಕು. ಅತ್ತೆಯ ಲೆಕ್ಕ ಸುಲಭದ್ದಾಗಿತ್ತು. ನಾಲ್ಕು ಸೇರು ಹೋಳಿದ್ದರೆ ಉಪ್ಪು, ಖಾರದ ಪುಡಿ, ಸಾಸಿವೆ ಪುಡಿ, ಎಣ್ಣೆ ತಲಾ ಒಂದು ಸೇರು. ಖಾರ, ಸಾಸಿವೆಯನ್ನು ಅಂಗೈಯಿಂದ ಸವರಿ ಸಮ ಮಾಡುತ್ತಿದ್ದರು. ಉಪ್ಪನ್ನು ಮಾತ್ರ ಸವರುತ್ತಿರಲಿಲ್ಲ, ಅಂಚಿನ ಮೇಲೆ ಕೋಡು ನಿಂತಷ್ಟೂ ಹಾಕುತ್ತಿದ್ದರು. ಯಾಕೆಂದು ಅವರಿಗೂ ಗೊತ್ತಿರಲಿಲ್ಲ, ಅವರ ಅತ್ತೆ ಹಾಗೆ ಮಾಡುತ್ತಿದ್ದರಂತೆ.

ಆ ವರ್ಷ ಅದೆಲ್ಲ ತಕ್ಕಡಿಗೆ ಬಂತು. ಮಡಿಯ ಕೆಲಸಕ್ಕೆ ಬಜಾರಿನ ತಕ್ಕಡಿ ಆಗುತ್ತದೆಯೇ ಎಂದು ನಾನು ಕೇಳಿದೆ. ಎಷ್ಟು ಅಂಗಡಿಯ ಎಷ್ಟು ಕೈ ತಾಗಿತ್ತೋ ಅದಕ್ಕೆ. ಅತ್ತೆ ಕ್ಷಣ ಯೋಚಿಸಿ, ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆಯಲು ಹೇಳಿದರು. ತೊಳೆದೆ. ತಕ್ಕಡಿಗೆ ಮಡಿ ಬಂತು.

ಆ ದಿನವೇ ನೆಗೆಣ್ಣಿ ಹೊರಗಾಗಿದ್ದಳು. ಮುಟ್ಟಾದ ಹೆಂಗಸು ನಮ್ಮಲ್ಲಿ ಒಳಗೆ ಬರುವಂತಿಲ್ಲ, ಭರಣಿಯ ಹತ್ತಿರವಂತೂ ಸುಳಿಯುವಂತಿಲ್ಲ. ಹಿತ್ತಲಲ್ಲಿ ದನದ ಕೊಟ್ಟಿಗೆಗೆ ಹೊಂದಿಕೊಂಡ ಒಂದು ಚಪ್ಪರ, ಅಲ್ಲಿ ಚಾಪೆ, ತಂಬಿಗೆ. ಬೆಳಗಿನಿಂದ ಅಲ್ಲೇ ಕುಳಿತಿದ್ದಳು. ಅಡುಗೆಮನೆಯ ಹಿಂಬಾಗಿಲು ತೆರೆದಿದ್ದರಿಂದ ಒಳಗಿನ ನೆಲ ಅವಳಿಗೆ ಕಾಣುತ್ತಿತ್ತು.

ಮೈದುನ ತೂಗಲು ಕುಳಿತ. ಉಪ್ಪು ಭಾರದ ಪದಾರ್ಥ, ಒಂದಿಷ್ಟು ಹಾಕುವಷ್ಟರಲ್ಲಿ ತಟ್ಟೆ ಕೆಳಗಿಳಿಯಿತು. ಖಾರದ ಪುಡಿ ಹಾಕಿದರೆ ಹಾಕಿದಷ್ಟೂ ಬೇಕು. ಕುಟ್ಟಿದ್ದೆಲ್ಲ ಮುಗಿದು, ಪಕ್ಕದ ಮನೆಯಿಂದ ತರಿಸಿದ್ದಾಯಿತು. "ಈ ವರ್ಷ ಖಾರ ಯಾಕೋ ಸಾಲವಲ್ದು," ಎಂದು ಅತ್ತೆ ಗೊಣಗಿದರು. ಸಾಸಿವೆಯದ್ದೂ ಅದೇ ಕತೆ. ಫರಸಿಯ ಮೇಲೆ ಮೂರು ಗುಡ್ಡೆ ನಿಂತವು. ಖಾರದ್ದು ದೊಡ್ಡದು, ಸಾಸಿವೆಯದ್ದು ಅದಕ್ಕಿಂತ ಚೂರು ಕಡಿಮೆ. ಉಪ್ಪಿನದು ನೋಡಿದರೆ ಕನಿಕರ ಬರುವಂತಿತ್ತು.

ಆಗ ಹಿತ್ತಲಿನಿಂದ ಅವಳ ದನಿ ಬಂತು.

"ಅಕ್ಕಾ, ಉಪ್ಪಿನ ಗುಡ್ಡಿ ಭಾಳ ಸಣ್ಣದು ಕಾಣ್ತದ. ನಮ್ಮ ಕಡಿ ಮೂರೂ ಸಮ ಇರ್ತಾವ. ಹಿಂಗ ಹಾಕಿದ್ರ ಕಾಯಿ ನಿಲ್ಲಂಗಿಲ್ಲ."

ಇಷ್ಟೇ ಅವಳು ಆಡಿದ್ದು. ತನ್ನ ತವರಿನ ಕಾಯಿ ಕೆಡಬಾರದೆಂಬ ಸಂಕಟ, ಮತ್ತೇನಿಲ್ಲ. ಉಪ್ಪಿನಕಾಯಿ ಅವಳ ಕಡೆಯವರಿಗೆ ಗೊತ್ತಿದ್ದಷ್ಟು ನಮಗೆಲ್ಲಿ ಗೊತ್ತು.

ಅತ್ತೆ ಕೈಯಲ್ಲಿದ್ದ ಹೋಳು ಕೆಳಗಿಟ್ಟರು. "ದೂರ ಕುಂತಾಕಿ ಇತ್ತ ಯಾಕ ಕಣ್ಣು ಹಾಯಿಸ್ತಿ? ಮ್ಯಾಲ ಮಾತು ಬ್ಯಾರೆ ಆಡ್ತಿ?" ಎಂದರು. ಮೈದುನ ಎದ್ದು ಹೋಗಿ, ಹೆಂಡತಿಯ ಮುಖದ ಮೇಲೆ ಬಾಗಿಲು ಹಾಕಿ, ಅಗಳಿ ಇಳಿಸಿ ಬಂದು, ಎಣ್ಣೆ ತೂಗಲು ಕುಳಿತ.

ಎಣ್ಣೆಯೂ ಜೋಳದ ತೂಕವೇ. ಅದು ಸೇರಿನ ಅಳತೆಗಿಂತ ಕಡಿಮೆಯೇ ಬಂತು, ಅಷ್ಟು ಪುಡಿ ಅದನ್ನು ಕುಡಿದುಬಿಟ್ಟಿತು. ಪ್ರತಿ ವರ್ಷ ಭರಣಿಯಲ್ಲಿ ಹೋಳಿನ ಮೇಲೆ ಬೆರಳುದ್ದ ಎಣ್ಣೆ ನಿಲ್ಲುತ್ತಿತ್ತು. ಆ ವರ್ಷ ಮೇಲೆ ಕೆಂಪು ಕೆಸರಿನಂಥದ್ದು ಒಣಗಿಕೊಂಡು ಕುಳಿತಿತ್ತು. ಅತ್ತೆ ಬಗ್ಗಿ ನೋಡಿದರು, ತುಸು ಹೊತ್ತು ನೋಡುತ್ತಲೇ ಇದ್ದರು. "ನಾಳಿಗಿ ಎಣ್ಣಿ ಬಿಡ್ತದ," ಎಂದು ಬಿಳಿ ಬಟ್ಟೆ ಕಟ್ಟಿದರು.

ಮಳೆ ಹಿಡಿದು ಕುಳಿತ ಒಂದು ಮಧ್ಯಾಹ್ನ ಭರಣಿ ಬಿಚ್ಚಿದೆವು. ಬಟ್ಟೆ ಸಡಿಲಿಸುವಾಗಲೇ ವಾಸನೆ ಬಂತು, ಮುಗ್ಗಲು, ಹುಳಿ, ಅದರ ಹಿಂದೆ ಕೊಳೆತದ್ದೇನೋ. ಮೇಲೆಲ್ಲ ಬೂಷ್ಟು. ಬಿಳಿ ತುಪ್ಪಳ ಬೆಳೆದಿತ್ತು, ನಡುನಡುವೆ ಹಸಿರು ಚುಕ್ಕೆ. ಸೌಟು ಆಡಿಸಿದರೆ ಕೆಳಗಿನ ಹೋಳು ಲೋಳೆಯಾಗಿ ನೂಲು ನೂಲಾಗಿ ಎದ್ದಿತು. ನನಗೆ ಓಕರಿಕೆ ಬಂದು ಹಿತ್ತಲಿಗೆ ಓಡಿದೆ. ಆಮೇಲೆ ಆ ಭರಣಿಯನ್ನು ಬೂದಿ ಹಾಕಿ ತಿಕ್ಕಿದವಳೂ ನಾನೇ. ಕೈಯ ನಾತ ಎಷ್ಟು ತೊಳೆದರೂ ಹೋಗಲಿಲ್ಲ. ಅನ್ನ ಕಲಸಿ ಬಾಯಿಯ ಹತ್ತಿರ ತಂದರೆ ಮೂಗಿಗೆ ಅದೇ ಬಡಿಯುತ್ತಿತ್ತು.

ಆದರೆ ನಿಜವಾದ ಹೇಸಿಗೆ ಇನ್ನೂ ಮುಂದಿತ್ತು.

ಆ ವಾರವೇ ವಾಡಿಯಿಂದ ನಾದಿನಿ ಬಂದಳು, ಕೈಯಲ್ಲಿ ತನ್ನ ಭರಣಿ. ಅವಳದ್ದೂ ಕೆಟ್ಟಿತ್ತು. ರೈಲಿನ ಡಬ್ಬಿಯಲ್ಲಿ ಪಕ್ಕದವರು ಮೂಗು ಮುಚ್ಚಿಕೊಂಡು ಎದ್ದು ಹೋದರಂತೆ, ಅದೊಂದು ಅವಮಾನ ಅವಳಿಗೆ. ಪಡಸಾಲೆಯಲ್ಲಿ ಭರಣಿ ಇಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, "ಯಾರು ಮುಟ್ಟಿದ್ರು ಹೇಳ್ರಿ," ಎಂದಳು.

ನೆಗೆಣ್ಣಿ ಬಾಗಿಲ ಮರೆಯಲ್ಲಿ ನಿಂತಿದ್ದಳು. ಎಲ್ಲರ ಕಣ್ಣೂ ಅತ್ತ ಹೋದವು.

"ಆಕಿ ಮುಟ್ಟಿಲ್ಲ," ಎಂದೆ ನಾನು. "ಹಿತ್ತಲದಾಗ ಕುಂತಿದ್ಲು. ನೀರು ಕೊಟ್ಟಾಕಿ ನಾನ."

"ಮುಟ್ಟಿಲ್ಲ, ನೋಡ್ಯಾಳ," ಎಂದರು ಅತ್ತೆ. "ನೋಡಿ, ಇದು ನಿಲ್ಲಂಗಿಲ್ಲ ಅಂತ ಬಾಯಿ ಬಿಟ್ಟು ಅಂದಾಳ. ಹೊರಗ ಕುಂತಾಕಿ ನಾಲಿಗಿ ಮ್ಯಾಲ ಬಂದ ಮಾತು ಹುಸಿ ಹೋಗ್ತದೇನು?"

ನೋಡಿ ಎಂಥ ನ್ಯಾಯ. ಕೆಡುತ್ತದೆ ಎಂದು ಎಚ್ಚರಿಸಿದವಳೇ ಕೆಡಿಸಿದವಳಾದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ ಎಂದು ಗಾದೆಯಲ್ಲಿ ಕೇಳಿದ್ದೆ. ಅದನ್ನು ಕಣ್ಣಾರೆ ಕಂಡದ್ದು ಆ ಪಡಸಾಲೆಯಲ್ಲಿ.

ನಾದಿನಿ ಅಲ್ಲಿಗೇ ತೀರ್ಪು ಹೇಳಿದಳು: ಇಂಥವಳನ್ನು ಒಲೆಯ ಹತ್ತಿರ ಬಿಡಬಾರದು, ಕುಂಚಾವರಂಗೆ ಕಳಿಸಿ, ನಡತೆ ಕಲಿತು ಬರಲಿ. ಒಮ್ಮೆ ತವರಿಗೆ ಅಟ್ಟಿದ ಹುಡುಗಿಯನ್ನು ಮರಳಿ ಕರೆಸಿಕೊಂಡ ಮನೆಗಳು ನಮ್ಮ ಕಡೆ ಎಷ್ಟಿದ್ದವು? ನೆಗೆಣ್ಣಿಗೆ ಅದು ಗೊತ್ತಿತ್ತು. ಅವಳು ಗಂಡನ ಕಡೆ ನೋಡುತ್ತಿದ್ದಳು. ಗಂಡ ತನ್ನ ಅಂಗಿಯ ತೋಳಿನ ಮಡಿಕೆ ಸರಿಮಾಡಿಕೊಳ್ಳುತ್ತಿದ್ದ.

ನನಗೆ ತಲೆ ಕೆಟ್ಟಿತು. ಅಟ್ಟ ಹತ್ತಿ ಹಿತ್ತಾಳೆ ಸೇರು ಇಳಿಸಿದೆ. ತಕ್ಕಡಿ ತಂದು ಎಲ್ಲರ ನಡುವೆ ಇಟ್ಟೆ. ಒಂದು ತಟ್ಟೆಗೆ ಗೋಡೆಯ ಮೇಲೆ ಬರೆದಷ್ಟು ಕಲ್ಲು ಹಾಕಿದೆ. ಸೇರಿಗೆ ಉಪ್ಪು ತುಂಬಿ, ಅತ್ತೆ ತುಂಬುವಂತೆಯೇ ಕೋಡು ನಿಲ್ಲಿಸಿ, ಇನ್ನೊಂದು ತಟ್ಟೆಗೆ ಸುರಿದೆ. ಉಪ್ಪಿನ ತಟ್ಟೆ ದಪ್ಪೆಂದು ನೆಲಕ್ಕೆ ಕುಳಿತಿತು. ಉಪ್ಪು ತೆಗೆದು, ಅದೇ ಸೇರಿನ ತುಂಬ ಖಾರದ ಪುಡಿ ಹಾಕಿದೆ. ತಟ್ಟೆ ಮೇಲೆಯೇ ಉಳಿಯಿತು. ಇನ್ನೊಂದು ಸೇರಿನ ಹತ್ತಿರ ಹತ್ತಿರ ಹಾಕಿದ ಮೇಲೆ ಸಮಕ್ಕೆ ಬಂತು.

"ನೋಡ್ರಿ," ಎಂದೆ. "ಉಪ್ಪು ಕಡಿಮಿ ಬಿತ್ತು, ಎಣ್ಣಿ ಕಡಿಮಿ ಬಿತ್ತು, ಪುಡಿ ಹೆಚ್ಚಿಗಿ ಬಿತ್ತು. ಬೂಷ್ಟು ಹಿಡಿಯದ ಏನು ಮಾಡ್ತದ? ಕಣ್ಣಿಂದಲ್ಲ, ತೂಕದಿಂದ ಕೆಟ್ಟದ. ಚುರಮುರಿ ಚೀಲ ಮರ್ತಿರೇನು?"

ಎಲ್ಲರಿಗೂ ತಿಳಿಯಿತು. ತಕ್ಕಡಿ ಕಣ್ಣ ಮುಂದೆ ತೂಗುತ್ತಿತ್ತು. ನನ್ನ ಗಂಡ ಗಂಟಲು ಸರಿಮಾಡಿಕೊಂಡರು, ಏನೋ ಹೇಳುತ್ತಾರೆ ಎಂದುಕೊಂಡೆ. ಸಂಧ್ಯಾವಂದನೆಗೆ ಹೊತ್ತಾಯಿತೆಂದು ಎದ್ದು ಹೋದರು.

ಮೈದುನನ ಮುಖ ಇಳಿದಿತ್ತು. ಒಂದು ಮಾತು, ತಪ್ಪು ನನ್ನದು ಎಂಬ ಒಂದೇ ಮಾತು ಆಡಿದ್ದರೆ ಅವನನ್ನು ನಾನು ಅಂದೇ ಕ್ಷಮಿಸುತ್ತಿದ್ದೆ. ಲೆಕ್ಕ ತಪ್ಪದವರು ಯಾರು? ಅವನು ಕೆಮ್ಮಿ, ದನಿಯನ್ನು ಕಚೇರಿಯ ದನಿ ಮಾಡಿಕೊಂಡ.

"ತೂಕದ್ದು ಬ್ಯಾರೆ ಮಾತು, ವೈನಿ. ದೃಷ್ಟಿದು ಬ್ಯಾರೆ ಮಾತು. ಎರಡೂ ಕೂಡಿಸಬ್ಯಾಡ್ರಿ."

ಭರಣಿ ಬಿಚ್ಚಿದ ದಿನ ಬಂದ ಓಕರಿಕೆ ಇದರ ಮುಂದೆ ಏನೂ ಅಲ್ಲ. ಊರಿಗೆಲ್ಲ ಹೊಸ ಕಾಲದ ಲೆಕ್ಕ ಹಂಚಿದ ಗಂಡಸು, ತನ್ನ ಲೆಕ್ಕ ತಪ್ಪಿದ ಕ್ಷಣ ಹೆಂಡತಿಯ ಮುಟ್ಟಿನ ಹಿಂದೆ ಅಡಗಿಕೊಂಡ. ಅದನ್ನು ನೆನೆದರೆ ಇವತ್ತಿಗೂ ಬಾಯಿ ಮುಕ್ಕಳಿಸಬೇಕೆನಿಸುತ್ತದೆ.

ಸಂಜೆ ಬಾವಿಕಟ್ಟೆಯ ಹತ್ತಿರ ಅತ್ತೆ ನನ್ನನ್ನು ಕರೆದರು. ಆಚೀಚೆ ನೋಡಿ, ದನಿ ತಗ್ಗಿಸಿದರು.

"ನನಗ ತಿಳೀಲಿಲ್ಲ ಅಂತ ಮಾಡೀಯೇನು? ಎಣ್ಣಿ ಮ್ಯಾಲ ಬರಲಿಲ್ಲ, ಆವತ್ತ ತಿಳೀತು. ಆದ್ರ ಊರಿಗೆಲ್ಲಾ ತೂಕ ಕಲಿಸಾಂವ ತನ್ನ ಮನ್ಯಾಗ ತೂಕ ತಪ್ಪಿದ ಅಂತ ಹೇಳ್ಲೇನು? ಗಂಡಸರ ಹೆಸರಿಗೆ ಹತ್ತಿದ್ದು ಹೋಗಂಗಿಲ್ಲವ್ವಾ. ಹೆಣ್ಣಮಕ್ಕಳ ಮ್ಯಾಲ ಬಂದದ್ದು ಮೂರು ದಿನಕ್ಕ ತೊಳಕೊಂಡು ಹೋಗ್ತದ. ನೀ ಸುಮ್ಮಿರು. ನಾ ಆಕಿನ್ನ ತವರಿಗೆ ಕಳಸಂಗಿಲ್ಲ."

ಹಾಗೆ ಅವಳು ಉಳಿದಳು. ಉಳಿಸಿಕೊಂಡ ರೀತಿ ಕೇಳಿ. ಮನೆಯವರೆಲ್ಲ ಸೇರಿ ಅವಳನ್ನು ಕ್ಷಮಿಸಿದರು. ಮಾಡದ ತಪ್ಪಿಗೆ ಕ್ಷಮೆ ಪಡೆಯುವುದಕ್ಕಿಂತ ಹೊಲಸಾದದ್ದು ಇನ್ನೊಂದಿಲ್ಲ. ಶುದ್ಧಿಯಾಗಬೇಕೆಂದು ತುಳಸಿಕಟ್ಟೆಯ ಮುಂದೆ ಕೂಡಿಸಿ ಪಂಚಗವ್ಯ ಕುಡಿಸಿದರು. ಸೆಗಣಿ, ಗಂಜಳ ಬೆರೆತದ್ದನ್ನು ಹುಡುಗಿ ಕಣ್ಣು ಮುಚ್ಚಿ ಗುಟುಕರಿಸಿದಳು. ಗಂಟಲಿನಿಂದ ಮರಳಿ ಬಂದದ್ದನ್ನು ಸೆರಗು ಒತ್ತಿ ಒಳಗೇ ನುಂಗಿದಳು, ಉಗುಳಿದರೆ ಮತ್ತೆ ಕುಡಿಸುತ್ತಾರೆಂದು. ತಪ್ಪು ತೂಗಿದವನು ಪಕ್ಕದಲ್ಲೇ ನಿಂತು ನೋಡುತ್ತಿದ್ದ. ಬಜಾರಿನ ತಕ್ಕಡಿಗೆ ಹುಣಸೆಹಣ್ಣು ಸಾಕಾಗಿತ್ತು.

ಮರುದಿನ ಬೆಳಿಗ್ಗೆ ನಾನು ಒಲೆ ಹಚ್ಚಲು ಹೋದಾಗ ಗೋಡೆಯ ಮೇಲಿನ ಸೀಮೆಸುಣ್ಣದ ಅಂಕಿ ಇರಲಿಲ್ಲ. ಯಾರೋ ಒದ್ದೆ ಬಟ್ಟೆಯಿಂದ ಒರೆಸಿದ್ದರು, ಗೋಡೆ ಇನ್ನೂ ಹಸಿಯಾಗಿತ್ತು. ತಕ್ಕಡಿಯೂ ಕಾಣಲಿಲ್ಲ. ಹಿತ್ತಾಳೆ ಸೇರು ಮಾತ್ರ ತನ್ನ ಹಳೆಯ ಜಾಗಕ್ಕೆ ಬಂದು ಕುಳಿತಿತ್ತು.

ಮುಂದಿನ ಬೇಸಿಗೆಯಲ್ಲಿ ಉಪ್ಪಿನಕಾಯಿ ಹಾಕುವ ದಿನ ನೆಗೆಣ್ಣಿಯನ್ನು ಬೆಳಿಗ್ಗೆಯೇ ಗುಡಿಗೆ ಕಳಿಸಿದರು, ಸಂಜೆಯವರೆಗೆ ಮನೆಯ ಕಡೆ ಬರಬಾರದೆಂದರು. ಮುಟ್ಟಾಗಿರಲಿಲ್ಲ, ಆದರೂ. ಅತ್ತೆ ಸೇರಿನಲ್ಲಿ ಅಳೆದು, ಉಪ್ಪಿಗೆ ಕೋಡು ನಿಲ್ಲಿಸಿ ಹಾಕಿದರು. ಎಣ್ಣೆ ಬೆರಳುದ್ದ ನಿಂತಿತು, ವರ್ಷ ಕಳೆದರೂ ಹೋಳು ಗಟ್ಟಿಯಾಗಿ ಉಳಿಯಿತು. "ನೋಡ್ರಿ, ಈ ಸಲ ಆಕಿ ಕಣ್ಣು ಬೀಳಲಿಲ್ಲ, ಹೆಂಗ ನಿಂತದ," ಎಂದಳು ವಾಡಿಯ ನಾದಿನಿ. ಕೆಟ್ಟ ಉಪ್ಪಿನಕಾಯಿ ಒಂದು ಸಾಕ್ಷಿಯಾಗಿತ್ತು, ಒಳ್ಳೆಯ ಉಪ್ಪಿನಕಾಯಿ ಇನ್ನೊಂದಾಯಿತು.

ಮಾತು ಬೆಳೆಯುತ್ತ ಹೋಯಿತು. ಮೊದಲ ವರ್ಷ ಅವಳ ಕಣ್ಣು ಬಿದ್ದಿತ್ತು. ಯಾರದೋ ಮುಂಜಿಯಲ್ಲಿ ಕೇಳಿದರೆ ನೆರಳು ಬಿದ್ದಿತ್ತಂತೆ. ಆಮೇಲಾಮೇಲೆ ಅವಳೇ ಭರಣಿ ಬಿಚ್ಚಿ ಕೈ ಹಾಕಿದ್ದಳಂತೆ. ಮೈದುನ ಪಂಕ್ತಿಯಲ್ಲಿ ಕುಳಿತು ಉಪ್ಪಿನಕಾಯಿ ನೆಕ್ಕುತ್ತ ಅದನ್ನೊಂದು ವಿನೋದದಂತೆ ಹೇಳುತ್ತಿದ್ದ. "ನಮ್ಮಾಕಿ ಕೈ ಹಂಗದ್ರಿ," ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ಅವಳು ಸಾರಿನ ಪಾತ್ರೆ ಹಿಡಿದು ಮುಂದಿನ ಎಲೆಗೆ ಹೋಗುತ್ತಿದ್ದಳು. ನಾನು ಅಲ್ಲಿದ್ದಾಗಲೆಲ್ಲ ಹಾಗಲ್ಲ ಎಂದು ಹೇಳಿದೆ, ಉಪ್ಪು, ತೂಕ, ಜೋಳ ಎಲ್ಲ ವಿವರಿಸಿದೆ. ಉಣ್ಣುವವರಿಗೆ ತೂಕದ ಲೆಕ್ಕ ಕೇಳಿ ಆಕಳಿಕೆ ಬರುತ್ತಿತ್ತು.

ನನ್ನ ಗಂಡ ತೀರಿಕೊಂಡ ಮೇಲೆ ನಾನು ಮಗನ ಜೊತೆ ಶಹಾಬಾದಿಗೆ ಬಂದೆ. ಅವನಿಗೆ ಕಲ್ಲಿನ ಪಾಲೀಶು ಕಾರ್ಖಾನೆಯಲ್ಲಿ ಕೆಲಸ. ಮನೆಯ ಹಿಂದೆಯೇ ಕಲ್ಲು ಕೊಯ್ಯುತ್ತಾರೆ, ಬಿಳಿ ಧೂಳು ಎಲ್ಲ ಪಾತ್ರೆಯ ಮೇಲೂ ಕೂಡುತ್ತದೆ. ಚಿತ್ತಾಪುರದ ಮನೆಯಿಂದ ಬರುವಾಗ ನಾನು ಕೇಳಿ ತಂದದ್ದು ಆ ಹಿತ್ತಾಳೆ ಸೇರು ಒಂದೇ. ಮಗನ ಹೆಂಡತಿ ಅಂಗಡಿಯಿಂದ ಎಲ್ಲವನ್ನೂ ಕಿಲೊ ಲೆಕ್ಕದಲ್ಲಿ ತರುತ್ತಾಳೆ, ನಾನು ಬೇಡ ಅನ್ನುವುದಿಲ್ಲ. ಮನೆಗೆ ಬಂದ ಮೇಲೆ ಉಪ್ಪಿನಕಾಯಿಗೆ ಮಾತ್ರ ನಾನು ಸೇರಿನಲ್ಲೇ ಅಳೆಯುತ್ತೇನೆ.

ಹೋದ ಬೇಸಿಗೆಯಲ್ಲಿ ನೆಗೆಣ್ಣಿ ನಮ್ಮ ಮನೆಗೆ ಬಂದಳು. ಅತ್ತೆ ತೀರಿಕೊಂಡು ಬಹಳ ಕಾಲವಾಗಿದೆ. ಅವಳ ಮಗನಿಗೆ ಮದುವೆಯಾಗಿದೆ, ಹೊಸ ಸೊಸೆ ಬಂದಿದ್ದಾಳೆ. ಕೂದಲು ನರೆತು, ಮಂಡಿ ಹಿಡಿದುಕೊಂಡು ಕೂಡುವ ಹಾಗಾಗಿದ್ದಾಳೆ ನನ್ನ ಆ ಹುಡುಗಿ. ಮುಟ್ಟು ನಿಂತು ವರ್ಷಗಳಾಗಿವೆ. ತೆಲುಗಿನ ಎಳೆ ಅವಳ ಮಾತಿನಿಂದ ಪೂರ್ತಿ ಹೋಗಿದೆ.

ಇಬ್ಬರೇ ಊಟಕ್ಕೆ ಕುಳಿತೆವು. ಬಿಸಿ ರೊಟ್ಟಿ ಹಾಕಿ, ಉಪ್ಪಿನಕಾಯಿ ಭರಣಿಯನ್ನೇ ಅವಳ ಮುಂದೆ ತಂದಿಟ್ಟು ಬಟ್ಟೆ ಬಿಚ್ಚಿದೆ. ಬೇಕೆಂದೇ ಹಾಗೆ ಮಾಡಿದೆ. ನನ್ನ ಮನೆ, ನನ್ನ ಭರಣಿ, ಇಲ್ಲಿ ಕೇಳುವವರು ಯಾರು?

"ನಿನಗ ಬೇಕಾದ ಹೋಳು ನೀನ ತಗೋ," ಎಂದೆ.

ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. ಬಿಸಿ ತಾಗಿದವರಂತೆ, ಮೈಯೆಲ್ಲ ಹಿಂದೆ ಸರಿಯಿತು.

"ನೀವ ಹಾಕ್ರಿ, ಅಕ್ಕಾ. ನನ್ನ ಕೈ ಒಳ್ಳೇದಲ್ಲ."

"ಏನಾಗ್ಯದ ನಿನ್ನ ಕೈಗೆ? ಆವತ್ತ ನೀ ಭರಣಿ ಮುಟ್ಟೇ ಇಲ್ಲ. ಹಿತ್ತಲದಾಗ ಕುಂತಿದ್ದಿ. ನಾ ನೋಡೀನಿ."

ಅವಳು ರೊಟ್ಟಿಯ ಅಂಚು ಮುರಿದಳು. ಆಮೇಲೆ ನನಗೆ ಬೇಸರವಾಗಬಾರದೆಂಬಂತೆ ಮೆಲ್ಲಗೆ ಹೇಳಿದಳು.

"ನಿಮಗ ಮರ್ತಿರಬೇಕು, ಅಕ್ಕಾ. ಹಿಂದಿನ ದಿನ ಹೋಳು ಒರಸ್ಲಿಕ್ಕ ನಾನೂ ಕುಂತಿದ್ನಲ್ಲ. ಆವಾಗ್ಲೇ ಆಗಿತ್ತೋ ಏನೋ, ನನಗ ತಿಳೀಲಿಲ್ಲ. ಇಲ್ಲಂದ್ರ ಅಷ್ಟು ಮಂದಿ ಸುಳ್ಳ ಯಾಕ ಹೇಳ್ತಾರ? ನಮ್ಮ ಸೊಸಿಗೂ ಹೇಳೀನಿ, ಆ ದಿನದಾಗ ಭರಣಿ ಕಡಿ ನೋಡಬ್ಯಾಡ ಅಂತ."

ಹಿಂದಿನ ದಿನ ಕಾಯಿ ಗೋಣಿಯಲ್ಲೇ ಇದ್ದವು. ಕೊಯ್ದದ್ದು, ಒರೆಸಿದ್ದು, ಬೆರೆಸಿದ್ದು ಎಲ್ಲ ಅವಳು ಹೊರಗೆ ಕುಳಿತ ದಿನವೇ. ಅವಳು ಒರೆಸಿದ ಹೋಳು ಎಂಬುದೇ ಇರಲಿಲ್ಲ. ಇದನ್ನು ನಾನು ಹೇಳಿದೆ. ಮತ್ತೆ ಹೇಳಿದೆ. ಅವಳು ತಲೆ ಆಡಿಸಿದಳು, ಹಿರಿಯರ ಮಾತಿಗೆ ಎದುರಾಡಬಾರದೆಂದು ಆಡಿಸುವ ತಲೆ ಅದು. ಮೂರು ದಿನಕ್ಕೆ ತೊಳೆದು ಹೋಗುತ್ತದೆ ಎಂದಿದ್ದರು ಅತ್ತೆ. ಅವರು ಬದುಕಿದ್ದರೆ ಕೈ ಹಿಡಿದು ಎಳೆತಂದು ಇವಳ ಮುಂದೆ ಕೂಡಿಸುತ್ತಿದ್ದೆ.

ನಾನೇ ಸೌಟು ಹಾಕಿ ಹೋಳು ತೆಗೆದು ಅವಳ ತಟ್ಟೆಗೆ ಬಡಿಸಿದೆ. ಅವಳು ಒಂದು ಹೋಳು ಕಚ್ಚಿ, ಕಣ್ಣು ಮುಚ್ಚಿ, ರಸವನ್ನು ನಾಲಿಗೆಯ ಮೇಲೆ ತುಸು ಹೊತ್ತು ನಿಲ್ಲಿಸಿಕೊಂಡಳು.

"ಉಪ್ಪು ಬರೋಬ್ಬರಿ ಅದ, ಅಕ್ಕಾ," ಎಂದಳು. "ಇದು ನಿಲ್ತದ."